ಹೊಲದಿಂದ ನ್ಯಾಯಪೀಠಕ್ಕೆ, ಅಲ್ಲಿಂದ ಸಂಸತ್ತಿಗೆ

ಪ್ರಶ್ನೆ: ಅಮೆರಿಕದಲ್ಲಿ ಊರ ನ್ಯಾಯಾಧೀಶರಾಗಿದ್ದವರು ಜನಪ್ರತಿನಿಧಿಗಳಾದ ಉದಾಹರಣೆಗಳಲ್ಲಿ ಭಾರತೀಯ ಮೂಲದವರು ಯಾರಾದರೂ ಇದ್ದಾರೆಯೇ?

ಉತ್ತರ: ಇದ್ದಾರೆ, ಅವರು ದಲೀಪ್ ಸಿಂಗ್ ಸೌಂದ್. 1899ರಲ್ಲಿ ಪಂಜಾಬಿನಲ್ಲಿ ಹುಟ್ಟಿದ ಸೌಂದ್ 1920ರಲ್ಲಿ ಅಮೆರಿಕಕ್ಕೆ ಹೋಗಿ, ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರೂ, ಭಾರತೀಯರಿಗೆ ಪೌರತ್ವವೇ ಸಿಗದಿದ್ದ ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯವನ್ನೇ ನೆಚ್ಚಬೇಕಾಯಿತು. 1946ರ ಕಾಯ್ದೆ ಆ ಬಾಗಿಲನ್ನು ತೆರೆಯಿತು, 1949ರಲ್ಲಿ ಅವರು ಪೌರರಾದರು. ಮರುವರ್ಷವೇ ವೆಸ್ಟ್‌ಮೋರ್ಲೆಂಡ್ ಊರಿನ ನ್ಯಾಯಾಧೀಶರ ಚುನಾವಣೆಯಲ್ಲಿ ಗೆದ್ದರೂ, ಪೌರತ್ವಕ್ಕೆ ಒಂದು ವರ್ಷ ತುಂಬಿಲ್ಲವೆಂಬ ಕಾರಣಕ್ಕೆ ಆ ಸ್ಥಾನ ಅವರ ಕೈತಪ್ಪಿತು. ಈ ಅನ್ಯಾಯ ಇಂದಿಗೂ ಮನಸ್ಸನ್ನು ಕಲಕುತ್ತದೆ.

1952ರಲ್ಲಿ ಅವರು ಮತ್ತೆ ನಿಂತಾಗ, ಹೋಟೆಲೊಂದರಲ್ಲಿ ಒಬ್ಬರು, ನೀವು ಗೆದ್ದರೆ ನ್ಯಾಯಾಲಯಕ್ಕೆ ಬರಲು ಪೇಟವನ್ನು ನೀವೇ ಕೊಡುವಿರೋ, ನಾವೇ ಕೊಳ್ಳಬೇಕೋ ಎಂದು ಎಲ್ಲರೆದುರು ಕೆಣಕಿದರು. ತಲೆಯ ಮೇಲೆ ಏನಿದೆಯೆಂಬುದು ತಮಗೆ ಮುಖ್ಯವಲ್ಲ, ತಲೆಯೊಳಗೆ ಏನಿದೆಯೆಂಬುದೇ ಮುಖ್ಯ ಎಂದು ಸೌಂದ್ ಶಾಂತವಾಗಿ ಉತ್ತರಿಸಿದರು. ಆ ಸಲ ಗೆದ್ದು ಪೀಠವೇರಿದರು.

ಅವರು ರಾಜ್ಯ ಶಾಸನಸಭೆಗೆ ಹೋದವರಲ್ಲ. 1956ರಲ್ಲಿ ಹೆಸರಾಂತ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್ ಅವರನ್ನು ಸೋಲಿಸಿ ನೇರವಾಗಿ ಅಮೆರಿಕದ ಸಂಸತ್ತಿನ ಕೆಳಮನೆಗೇ ಆಯ್ಕೆಯಾದರು. ಏಷ್ಯಾ ಮೂಲದವರೊಬ್ಬರು ಅಲ್ಲಿಗೆ ಸದಸ್ಯರಾಗಿ ಆಯ್ಕೆಯಾದದ್ದು ಅದೇ ಮೊದಲು. ಮುಂದೆ 1958 ಮತ್ತು 1960ರಲ್ಲಿಯೂ ಮತದಾರರು ಅವರನ್ನೇ ಆರಿಸಿ ಕಳುಹಿಸಿದರು.