ಅರಗಿನ ಪ್ಲೇಟಿಗೆ ಅದರದೇ ಮುಳ್ಳು ಬೇಕು

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ ಸುಮಾರು ನಲವತ್ತು ಹಳೆಯ ಗ್ರಾಮಫೋನ್ ಪ್ಲೇಟುಗಳು ಸಿಕ್ಕವು, ಎಲ್ಲಾ 78 ವೇಗದವು, ಅಂದರೆ ನಿಮಿಷಕ್ಕೆ 78 ಸುತ್ತು. ನಮ್ಮ ಹೊಸ ಟರ್ನ್‌ಟೇಬಲ್‌ನಲ್ಲಿ 78ರ ಗುಂಡಿ ಇದೆಯಲ್ಲ ಅಂತ ಹಾಕಿ ನೋಡಿದೆ. ಹಾಡಿಗಿಂತ ಕರಕರ ಸದ್ದೇ ಜಾಸ್ತಿ. ಪ್ಲೇಟುಗಳೇ ಹಾಳಾಗಿವೆಯಾ? ಕಂಪ್ಯೂಟರಿಗೆ ಇಳಿಸಿಕೊಳ್ಳುವ ಆಸೆ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಪ್ಲೇಟನ್ನು ದೂರುವ ಮೊದಲು ಮುಳ್ಳನ್ನು ನೋಡಿ. ಟರ್ನ್‌ಟೇಬಲ್ ಜೊತೆಗೆ ಬರುವ ಮುಳ್ಳನ್ನು ಸಾಮಾನ್ಯವಾಗಿ ಎಲ್‌ಪಿಗೆ, ಅಂದರೆ ಆಮೇಲೆ ಬಂದ 33 ವೇಗದ ವಿನೈಲ್ ಪ್ಲೇಟಿಗೆ ಅಂತ ಮಾಡಿರುತ್ತಾರೆ. ಅದರ ದುಂಡು ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). 78ರ ಪ್ಲೇಟಿನ ತೋಡು, ಅಂದರೆ ಮುಳ್ಳು ಓಡುವ ಗೆರೆ, ಎಲ್‌ಪಿಯದಕ್ಕಿಂತ ತುಂಬಾ ಅಗಲ, ಅದಕ್ಕೆ 65ರಿಂದ 75 ಮೈಕ್ರಾನಿನ ಮುಳ್ಳು ಬೇಕು. ಹಾಡು ಇರುವುದು ತೋಡಿನ ಎರಡು ಗೋಡೆಗಳಲ್ಲಿ. ಸಣ್ಣ ಮುಳ್ಳು ಗೋಡೆಗೆ ಸರಿಯಾಗಿ ತಾಗದೆ ನೇರ ತಳಕ್ಕೆ ಇಳಿಯುತ್ತದೆ. ಅಲ್ಲಿ ಇರುವುದು ಎಷ್ಟೋ ವರ್ಷದ ಧೂಳು, ಹಳೆಯ ಉಕ್ಕಿನ ಮುಳ್ಳುಗಳು ಸವೆದು ಬಿಟ್ಟುಹೋದ ಪುಡಿ. ನಿಮಗೆ ಕೇಳಿಸುತ್ತಿರುವುದು ಅದೇ.

ಸ್ವಲ್ಪ ಸರಸರ ಸದ್ದು ಮಾತ್ರ ಯಾವ ಮುಳ್ಳು ಹಾಕಿದರೂ ಇರುತ್ತದೆ. ಈ ಪ್ಲೇಟುಗಳು ಬರೀ ಅರಗಲ್ಲ. ಅರಗಿನ ಜೊತೆ ನುಣ್ಣಗೆ ಅರೆದ ಕಲ್ಲಿನ ಪುಡಿ, ಹತ್ತಿಯ ನಾರು, ಕಪ್ಪು ಬಣ್ಣಕ್ಕೆ ಮಸಿ ಎಲ್ಲಾ ಸೇರಿಸುತ್ತಿದ್ದರು. ಆಗಿನ ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತಿನಲ್ಲೇ ಆ ಕಲ್ಲಿನ ಪುಡಿಗೆ ಉಜ್ಜಿಕೊಂಡು ತೋಡಿನ ಆಕಾರಕ್ಕೆ ಬರುತ್ತಿತ್ತು. ಹಾಗಾಗಿ ಒಂದೊಂದು ಬದಿಗೂ ಹೊಸ ಮುಳ್ಳು ಹಾಕಬೇಕಿತ್ತು.

ಈಗ ಏನು ಮಾಡಬೇಕು ಅಂದರೆ, ನಿಮ್ಮ ಕಾರ್ಟ್ರಿಜ್‌ಗೆ (ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಭಾಗ) 78ರ ಮುಳ್ಳು ಬೇರೆಯಾಗಿ ಸಿಗುತ್ತದಾ ನೋಡಿ. ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಮುಳ್ಳಿನ ಭಾಗ ಮಾತ್ರ ಕಳಚಿ ಬೇರೆಯದನ್ನು ಸಿಕ್ಕಿಸಬಹುದು. ಮುಳ್ಳು ಪ್ಲೇಟನ್ನು ಒತ್ತುವ ಭಾರ ಎಷ್ಟಿಡಬೇಕು ಅನ್ನುವುದನ್ನು ತಯಾರಕರು ಬರೆದಿರುತ್ತಾರೆ, 78ಕ್ಕೆ ಸಾಮಾನ್ಯವಾಗಿ ಎಲ್‌ಪಿಗಿಂತ ಜಾಸ್ತಿ, ಹಲವಕ್ಕೆ 3ರಿಂದ 5 ಗ್ರಾಂ. ತೀರಾ ಕಡಿಮೆ ಇಟ್ಟರೆ ಮುಳ್ಳು ತೋಡಿನೊಳಗೆ ಕುಣಿಯುತ್ತದೆ, ಅದರಿಂದಲೂ ಗೋಡೆ ಹಾಳಾಗುತ್ತದೆ.

ಇನ್ನೊಂದು ವಿಷಯವನ್ನು ತುಂಬಾ ಜನ ಮರೆಯುತ್ತಾರೆ. ಈ ಪ್ಲೇಟುಗಳಲ್ಲಿ ಹಾಡು ಅಡ್ಡಡ್ಡ ಅಲುಗಾಟದಲ್ಲಿ ಇರುತ್ತದೆ, ಮೇಲೆ ಕೆಳಗೆ ಅಲುಗಿದ್ದೆಲ್ಲ ಬರೀ ಗದ್ದಲ. ಸ್ಟೀರಿಯೊ ಕಾರ್ಟ್ರಿಜ್ ಎರಡನ್ನೂ ಎತ್ತಿಕೊಳ್ಳುತ್ತದೆ. ಎಡ ಬಲ ಎರಡು ಚಾನೆಲ್‌ಗಳನ್ನು ಕೂಡಿಸಿ ಮೋನೊ ಮಾಡಿದಿರಿ ಅಂದರೆ ಮೇಲೆ ಕೆಳಗಿನದು ಒಂದಕ್ಕೊಂದು ಹೊಡೆದುಹೋಗಿ ಗದ್ದಲ ಒಮ್ಮೆಲೇ ಇಳಿಯುತ್ತದೆ, ಮೊದಲ ಸಲ ಕೇಳಿದವರಿಗೆ ಇದು ಅದೇ ಪ್ಲೇಟಾ ಅನ್ನಿಸುತ್ತದೆ. ಎಡಿಸನ್ ಕಂಪನಿಯ ದಪ್ಪ ಪ್ಲೇಟುಗಳು ಮತ್ತು ಪಾತೆ ಕಂಪನಿಯ ಹಳೆಯವು ಇದಕ್ಕೆ ತಿರುಗಾಮುರುಗಾ, ಅವುಗಳಲ್ಲಿ ಹಾಡೇ ಮೇಲೆ ಕೆಳಗೆ ಇರುತ್ತದೆ. ಅಂಥದ್ದು ಸಿಕ್ಕರೆ ಒಂದು ಚಾನೆಲ್ ಅನ್ನು ಸಾಫ್ಟ್‌ವೇರ್‌ನಲ್ಲಿ ತಲೆಕೆಳಗು (ಇನ್ವರ್ಟ್) ಮಾಡಿ ಆಮೇಲೆ ಕೂಡಿಸಬೇಕು, ಇಲ್ಲದಿದ್ದರೆ ಹಾಡೇ ಮಾಯ.

ಪ್ರಶ್ನೆ: ಪ್ಲೇಟಿನ ಮೇಲೆ ಜಿಡ್ಡು ಕೂತಿದೆ. ಎಲ್‌ಪಿ ತೊಳೆಯುವ ದ್ರಾವಣ ಮನೆಯಲ್ಲಿದೆ, ಸ್ವಲ್ಪ ಸ್ಪಿರಿಟ್ ಕೂಡ ಇದೆ. ಒರೆಸಬಹುದಾ?

ಉತ್ತರ: ಸ್ಪಿರಿಟ್ ಬೇಡವೇ ಬೇಡ. ಎಲ್‌ಪಿ ದ್ರಾವಣದಲ್ಲೂ ಆಲ್ಕೋಹಾಲ್ ಇರುವ ಸಂಭವ ಜಾಸ್ತಿ, ಲೇಬಲ್ ಓದಿ. ಮರದ ಸಾಮಾನಿಗೆ ಹಚ್ಚುವ ಫ್ರೆಂಚ್ ಪಾಲಿಶ್ ಇದೆಯಲ್ಲ, ಅದನ್ನು ಮಾಡುವುದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ. ಈ ಹವ್ಯಾಸ ಶುರುವಾದ ವರ್ಷ ನಾನು ಒಂದು ಪ್ಲೇಟಿಗೆ ಹೀಗೆ ಮಾಡಿದ್ದೆ. ಬಟ್ಟೆ ಕಪ್ಪಾಯಿತು, ಕೊಳೆ ಬಿಡುತ್ತಿದೆ ಅಂದುಕೊಂಡು ಇನ್ನಷ್ಟು ಒರೆಸಿದೆ. ಅದು ಕೊಳೆ ಆಗಿರಲಿಲ್ಲ, ಪ್ಲೇಟೇ ಕರಗಿ ಬರುತ್ತಿತ್ತು. ಆ ಹಾಡಿನ ಇನ್ನೊಂದು ಪ್ರತಿ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಬಟ್ಟಿ ಇಳಿಸಿದ ನೀರಿಗೆ ಪಾತ್ರೆ ತೊಳೆಯುವ ಸೌಮ್ಯವಾದ ಸೋಪಿನ ಒಂದೆರಡು ಹನಿ ಸಾಕು. ಮೆತ್ತನೆಯ ಬ್ರಷ್ ಅನ್ನು ತೋಡಿನ ಸುತ್ತಿನ ಜೊತೆಗೇ ಆಡಿಸಿ, ಅಡ್ಡ ಉಜ್ಜಬೇಡಿ. ನಡುವಿನ ಕಾಗದ ನೆನೆಯದಿರಲಿ. ಮತ್ತೆ ಬರೀ ನೀರಲ್ಲಿ ತೊಳೆದು, ಮೆತ್ತನೆ ಬಟ್ಟೆ ಒತ್ತಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಬಿಸಿನೀರು, ಬಿಸಿಲು ಎರಡೂ ಬೇಡ, ಪ್ಲೇಟು ಬಾಗುತ್ತದೆ. ಬಿರುಕು ಬಿಟ್ಟವು ಮತ್ತು ಎಡಿಸನ್‌ನ ದಪ್ಪ ಪ್ಲೇಟುಗಳಿಗೆ ನೀರು ತಾಗಿಸಲೇಬೇಡಿ, ಒಳಗಿನ ಪದರ ನೀರು ಕುಡಿದು ಉಬ್ಬುತ್ತದೆ.

ಪ್ರಶ್ನೆ: ನನ್ನ ಟರ್ನ್‌ಟೇಬಲ್‌ನಲ್ಲಿ 33 ಮತ್ತು 45 ಮಾತ್ರ ಇದೆ. ಬೇರೆ ಕೊಳ್ಳಲೇಬೇಕಾ?

ಉತ್ತರ: ಇಲ್ಲ. 78ರ ಮುಳ್ಳು ಹಾಕಿ, 45ರಲ್ಲಿ ಓಡಿಸಿ ರೆಕಾರ್ಡ್ ಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ ವೇಗವನ್ನು 1.733 ಪಟ್ಟು ಮಾಡಿ. 78 ಭಾಗಿಸು 45, ಅಷ್ಟೇ ಲೆಕ್ಕ. ಬಾಗಿದ ಪ್ಲೇಟು, ಬಿರುಕು ಬಿಟ್ಟ ಪ್ಲೇಟು, ಮುಳ್ಳು ಹಾರುವ ಪ್ಲೇಟು ಇವಕ್ಕೆಲ್ಲ ನಿಧಾನವಾಗಿ ಓಡಿಸುವುದೇ ಒಳ್ಳೆಯದು, 78 ಇರುವವರೂ ಹೀಗೆ ಮಾಡುತ್ತಾರೆ.

ಆದರೆ ಇಲ್ಲೊಂದು ತೊಡಕಿದೆ. ಫೋನೊ ಪ್ರೀಆಂಪ್ (ಮುಳ್ಳಿನಿಂದ ಬರುವ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಪೆಟ್ಟಿಗೆ) ಒಳಗೆ ಎಲ್‌ಪಿಗೆ ಹೊಂದುವ ಆರ್‌ಐಎಎ ಅನ್ನುವ ತಿದ್ದುಪಡಿ ಇರುತ್ತದೆ, ಮಂದ್ರವನ್ನು ಎತ್ತಿ ತಾರವನ್ನು ಇಳಿಸುತ್ತದೆ. 10 ಕಿಲೋಹರ್ಟ್ಸ್ ಹತ್ತಿರ ಅದು ಇಳಿಸುವುದು ಸುಮಾರು 13.7 ಡೆಸಿಬೆಲ್. ಅದು 1950ರ ದಶಕದಲ್ಲಿ ಬಂದದ್ದು, 78ರ ಪ್ಲೇಟುಗಳಲ್ಲಿ ಬಹಳಷ್ಟು ಅದಕ್ಕಿಂತ ಹಳೆಯವು. ವಿದ್ಯುತ್ ಮೈಕ್‌ನಲ್ಲಿ ಹಾಡು ಹಿಡಿಯುವುದು 1925ರಲ್ಲಿ ಶುರುವಾಯಿತು, ಅದಕ್ಕೂ ಮೊದಲು ಹಾಡುವವರು ದೊಡ್ಡ ಕಹಳೆಯೊಳಗೆ ಹಾಡುತ್ತಿದ್ದರು, ಅಂಥ ಪ್ಲೇಟಿಗೆ ಯಾವ ತಿದ್ದುಪಡಿಯೂ ಇಲ್ಲ. 1925ರ ನಂತರದವಕ್ಕೆ ಕಂಪನಿಗೊಂದು ಅಳತೆ. ಎಷ್ಟೋ ಜನ ಹಳೆಯ ಪ್ಲೇಟು ಮಂಕಾಗಿ ಕೇಳಿಸುತ್ತದೆ ಅನ್ನುತ್ತಾರಲ್ಲ, ಅದರಲ್ಲಿ ದೊಡ್ಡ ಪಾಲು ಈ ಆರ್‌ಐಎಎ ಮಾಡಿದ್ದು. ನಿಧಾನ ಓಡಿಸಿದಾಗಂತೂ ಈ ತಿದ್ದುಪಡಿ ಪೂರ್ತಿ ತಪ್ಪು ಜಾಗದಲ್ಲಿ ಬೀಳುತ್ತದೆ. ಹಾಗಾಗಿ ತಿದ್ದುಪಡಿ ಇಲ್ಲದ ಫ್ಲಾಟ್ ಪ್ರೀಆಂಪ್ ಬಳಸಿ. ವೇಗ ಸರಿಮಾಡಿದ ಮೇಲೆ, 1925ರ ನಂತರದ ಪ್ಲೇಟಾದರೆ, 250ರಿಂದ 500 ಹರ್ಟ್ಸ್ ನಡುವೆ ಒಂದು ಜಾಗ ಆರಿಸಿ ಅದಕ್ಕಿಂತ ಕೆಳಗಿನ ಮಂದ್ರವನ್ನು ಎತ್ತುತ್ತಾ ಬನ್ನಿ, ತಾರವನ್ನು ಕಿವಿಗೆ ಹಿತವಾಗುವಷ್ಟು ಮಾತ್ರ ಇಳಿಸಿ.

ಪ್ರಶ್ನೆ: 78ರಲ್ಲೇ ಹಾಕಿದರೂ ಒಂದು ಪ್ಲೇಟಿನಲ್ಲಿ ಗಾಯಕರ ದನಿ ಕೀರಲು ಕೇಳಿಸುತ್ತದೆ. ಯಾಕೆ?

ಉತ್ತರ: ಮೊದಮೊದಲು ವೇಗ ಎಲ್ಲರದ್ದೂ ಒಂದೇ ಇರಲಿಲ್ಲ. 70ರಿಂದ 80 ದಾಟಿದವರೆಗೂ ಸಿಗುತ್ತವೆ, ಎಡಿಸನ್‌ನವು 80. ನಿಮ್ಮದು 74ರ ಹತ್ತಿರದ್ದು ಇರಬಹುದು. ವೇಗ ನೂರಕ್ಕೆ 6ರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ಹಾಡಿನಲ್ಲಿ ಸ್ಥಿರ ಶ್ರುತಿಯ ವಾದ್ಯ ಇದ್ದರೆ ಅದನ್ನು ಹಿಡಿದು ಸರಿಮಾಡಿ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಗದ್ದಲ ತೆಗೆಯುವ ಸಾಫ್ಟ್‌ವೇರ್ ಹಾಕಿದೆ. ಸದ್ದು ಹೋಯಿತು, ಆದರೆ ಹಾಡು ನೀರೊಳಗಿಂದ ಕೇಳಿಸಿದ ಹಾಗಿದೆ.

ಉತ್ತರ: ಜಾಸ್ತಿ ತೆಗೆದಿರಿ. ಸ, ಶ ಅಕ್ಷರಗಳು, ತಂತಿ ಮೀಟಿದ ಮೊದಲ ಕ್ಷಣ, ಹಾಡುವವರ ಉಸಿರು ಇವೆಲ್ಲ ಆ ಸರಸರ ಸದ್ದು ಇರುವ ಜಾಗದಲ್ಲೇ ಇರುತ್ತವೆ. ಅದನ್ನು ಪೂರ್ತಿ ಕೆರೆದು ತೆಗೆದರೆ ಇವೂ ಹೋಗುತ್ತವೆ. ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್‌ನಲ್ಲೂ ತೆಗೆದುಹಾಕಿದ್ದನ್ನು ಮಾತ್ರ ಬೇರೆಯಾಗಿ ಕೇಳುವ ಆಯ್ಕೆ ಇದೆ. ಅದರಲ್ಲಿ ಹಾಡಿನ ಗುರುತು ಕೇಳಿಸಿತು ಅಂದರೆ ಹಿಂದೆ ಬನ್ನಿ. ಟಿಕ್ ಟಿಕ್ ಸದ್ದುಗಳನ್ನು ಮಾತ್ರ ಧೈರ್ಯವಾಗಿ ತೆಗೆಯಬಹುದು, ಅದನ್ನೂ ಮಂದ್ರ ತಾರ ತಿದ್ದುವ ಮೊದಲೇ ಮಾಡಿ, ಆಗ ಅವು ಚೂಪಾಗಿ ಎದ್ದು ಕಾಣುತ್ತವೆ.

ಒಂದು ಮಾತು ದಯವಿಟ್ಟು ಕೇಳಿ. ಏನನ್ನೂ ಮುಟ್ಟದ ಮೂಲ ಫೈಲ್ ಅನ್ನು ಹಾಗೇ ಎತ್ತಿಡಿ. ರೆಕಾರ್ಡ್ ಮಾಡುವ ಸಾಫ್ಟ್‌ವೇರ್‌ನ ಸೆಟ್ಟಿಂಗ್ 24 ಬಿಟ್, 96 ಕಿಲೋಹರ್ಟ್ಸ್ ಇರಲಿ, ಎರಡೂ ಚಾನೆಲ್ ಬೇರೆ ಬೇರೆ, ಅತಿ ಜೋರಿನ ಜಾಗವೂ ಮೈನಸ್ 6 ಡೆಸಿಬೆಲ್ ದಾಟದ ಹಾಗೆ. ಜೊತೆಗೆ ಲೇಬಲ್‌ನ ಫೋಟೊ, ನಡುವೆ ಕೊರೆದ ಸಂಖ್ಯೆ, ಯಾವ ಮುಳ್ಳು, ಯಾವ ವೇಗ ಅಂತ ಬರೆದಿಡಿ. ಮುಂದೆ ಒಳ್ಳೆಯ ಸಾಫ್ಟ್‌ವೇರ್ ಬಂದರೆ ಅಲ್ಲಿಂದ ಮತ್ತೆ ಶುರು ಮಾಡಬಹುದು. ಪ್ಲೇಟು ಮಾತ್ರ ಅಷ್ಟರಲ್ಲಿ ಕೈತಪ್ಪಿ ಬಿದ್ದಿರಬಹುದು, ಅಲ್ವಾ?

ಪ್ರಶ್ನೆ: ಕೀಲಿ ಕೊಡುವ ಹಳೆಯ ಗ್ರಾಮಫೋನ್‌ನಲ್ಲಿ ಇವನ್ನು ಹಾಕಬಹುದಾ?

ಉತ್ತರ: ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಆಮೇಲೆ ಹಾಕಿ. ಒಂದೊಂದು ಬದಿಗೂ ಹೊಸ ಉಕ್ಕಿನ ಮುಳ್ಳು. ಕೊನೆಯ ಕಾಲದ ಕೆಲವು 78ರ ಪ್ಲೇಟುಗಳು ವಿನೈಲ್‌ನವು, ಅವನ್ನು ಮಾತ್ರ ಬೇಡ, ಆ ಭಾರದ ಮುಳ್ಳು ಒಂದೇ ಸಲಕ್ಕೆ ತೋಡನ್ನು ಕೆರೆದುಬಿಡುತ್ತದೆ. ಅಂಚಿಗೆ ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿ, ಅರಗಿನದು ಪಿಂಗಾಣಿಯ ಹಾಗೆ ಗಟ್ಟಿ ಸದ್ದು ಮಾಡುತ್ತದೆ, ವಿನೈಲ್ ಮಂದವಾಗಿ ಕೇಳಿಸುತ್ತದೆ.