ಕಿಮ್ ಡೀಲ್ ಏಕೆ ಇಷ್ಟು ಕಡಿಮೆ ಆಲ್ಬಂಗಳನ್ನು ಹೊರತಂದರು?

ಅಮೆರಿಕದ ರಾಕ್ ತಂಡ ಪಿಕ್ಸೀಸ್‌ನಿಂದ ಹೆಸರಾದ ಕಿಮ್ ಡೀಲ್ ಇಷ್ಟು ಪ್ರತಿಭೆಯಿದ್ದೂ ಬೆರಳೆಣಿಕೆಯ ಆಲ್ಬಂಗಳಿಗೇ ನಿಂತದ್ದು ಸೋಮಾರಿತನದಿಂದಲೇ ಎಂದು ಕೇಳಿದ್ದೀರಿ. ಅವರ ಸಂಗೀತವನ್ನು ಬಹುಕಾಲದಿಂದ ಕೇಳುತ್ತಿರುವ ನನಗೆ ಹಾಗೆನಿಸುವುದಿಲ್ಲ.

ಓಹಾಯೋದ ಡೇಟನ್‌ನಲ್ಲಿ ಹುಟ್ಟಿದ ಕಿಮ್, 1986ರಲ್ಲಿ ಬಾಸ್ಟನ್‌ನಲ್ಲಿ ಪಿಕ್ಸೀಸ್‌ಗೆ ಬಾಸ್ ವಾದಕರು ಬೇಕೆಂಬ ಜಾಹೀರಾತು ನೋಡಿ ಹೋದವರು. ಅದಕ್ಕೆ ಸ್ಪಂದಿಸಿದ್ದು ಅವರೊಬ್ಬರೇ. ಹೋಗುವಾಗ ಕೈಯಲ್ಲಿ ಬಾಸ್ ಗಿಟಾರೂ ಇರಲಿಲ್ಲ. 1988ರ 'ಸರ್ಫರ್ ರೋಸಾ' ಆಲ್ಬಂನಲ್ಲಿ ಅವರು ಹಾಡಿದ 'ಜೈಗ್ಯಾಂಟಿಕ್' ಜನಪ್ರಿಯವಾದರೂ ಆ ತಂಡದ ಮುಖ್ಯ ಗೀತರಚನಕಾರ ಬ್ಲ್ಯಾಕ್ ಫ್ರಾನ್ಸಿಸ್ ಆಗಿದ್ದರಿಂದ, ತಮ್ಮ ಹಾಡುಗಳಿಗಾಗಿ ಅವರು ಬ್ರೀಡರ್ಸ್ ಎಂಬ ಬೇರೆ ತಂಡವನ್ನೇ ಕಟ್ಟಿಕೊಳ್ಳಬೇಕಾಯಿತು.

ಆ ತಂಡದ 1993ರ 'ಕ್ಯಾನನ್‌ಬಾಲ್' ಹಾಡನ್ನು ಗಮನವಿಟ್ಟು ಕೇಳಿ. ಆರಂಭದಲ್ಲಿ ಜೋಸೆಫೀನ್ ವಿಗ್ಸ್ ಅವರ ಬಾಸ್ ಒಂದು ತಪ್ಪು ಸ್ವರವನ್ನು ನುಡಿಸುತ್ತದೆ. ಗಿಟಾರ್‌ಗಳು ಸೇರಿಕೊಂಡಾಗ ಅದೇ ಸಾಲು ಸರಿಯಾದ ಸ್ವರಕ್ಕೆ ಬಂದು ನಿಲ್ಲುತ್ತದೆ. ಅಭ್ಯಾಸದಲ್ಲಿ ಆಕಸ್ಮಿಕವಾಗಿ ಆದದ್ದನ್ನು ತಿದ್ದದೆ ಉಳಿಸಿಕೊಂಡ ಆ ವಿವೇಚನೆಯಲ್ಲೇ, ನನ್ನ ಪ್ರಕಾರ, ಕಿಮ್ ಅವರ ಪ್ರತಿಭೆಯ ಗುಟ್ಟಿದೆ. ಆ ಹಾಡಿದ್ದ 'ಲಾಸ್ಟ್ ಸ್ಪ್ಲಾಷ್' ಅಮೆರಿಕದಲ್ಲಿ ಪ್ಲಾಟಿನಂ ಆಯಿತು, ಅಂದರೆ ಹತ್ತು ಲಕ್ಷ ಪ್ರತಿಗಳ ಗಡಿ ಮುಟ್ಟಿತು. (ಅದರಲ್ಲಿ ಗಿಟಾರ್ ನುಡಿಸಿದ ಕಿಮ್ ಅವರ ಅವಳಿ ಸಹೋದರಿ ಕೆಲ್ಲಿ, ತಂಡಕ್ಕೆ ಸೇರುವಾಗ ಗಿಟಾರ್ ಕಲಿತೇ ಇರಲಿಲ್ಲ!)

ಮುಂದಿನ ಬ್ರೀಡರ್ಸ್ ಆಲ್ಬಂ 'ಟೈಟಲ್ ಟಿಕೆ' ಬಂದದ್ದು 2002ರಲ್ಲಿ. ಕೆಲ್ಲಿ ಮಾದಕವಸ್ತು ಪ್ರಕರಣದಲ್ಲಿ ಸಿಲುಕಿದ್ದರಿಂದ 1995ರ ಹೊತ್ತಿಗೆ ತಂಡ ಚದುರಿತ್ತು. ಕಿಮ್ ಆ ವರ್ಷವೇ ಆಂಪ್ಸ್ ಎಂಬ ಹೊಸ ತಂಡದೊಂದಿಗೆ ಒಂದು ಆಲ್ಬಂ ಮಾಡಿದ್ದನ್ನು ಸೋಮಾರಿತನ ಎಂದವರು ಮರೆಯುತ್ತಾರೆ. ಜೊತೆಗೆ, ಕಂಪ್ಯೂಟರಿನ ನೆರವಿಲ್ಲದೆ ಟೇಪಿನ ಮೇಲೆಯೇ ಧ್ವನಿಮುದ್ರಿಸಬೇಕೆಂಬ ಹಟವನ್ನು ಅವರು 'ಆಲ್ ವೇವ್' ಎಂದು ಹೆಸರಿಟ್ಟು ಪಾಲಿಸಿದರು. ಮುಂದೆ ಡೇಟನ್‌ಗೆ ಮರಳಿ, ಮರೆವಿನ ಕಾಯಿಲೆಯಿದ್ದ ತಾಯಿಯ ಆರೈಕೆಗೂ ವರ್ಷಗಳನ್ನು ಕೊಟ್ಟರು. ಪಿಕ್ಸೀಸ್ ತಂಡವು 2004ರಲ್ಲಿ ಮತ್ತೆ ಒಂದಾದಾಗ ಜೊತೆಗಿದ್ದ ಅವರು 2013ರಲ್ಲಿ ಹೊರಬಂದರು.

ತಮ್ಮೊಬ್ಬರ ಹೆಸರಿನ ಮೊದಲ ಆಲ್ಬಂ ಅನ್ನು ಅವರು ಹೊರತಂದದ್ದು 2024ರ ನವೆಂಬರ್‌ನಲ್ಲಿ, 63ನೆಯ ವಯಸ್ಸಿನಲ್ಲಿ. ಅದರ ಕೆಲವು ಹಾಡುಗಳನ್ನು ಧ್ವನಿಮುದ್ರಿಸಿದವರು 'ಸರ್ಫರ್ ರೋಸಾ' ಕಾಲದ ಒಡನಾಡಿ ಸ್ಟೀವ್ ಆಲ್ಬಿನಿ; ಆಲ್ಬಂ ಬಿಡುಗಡೆಯಾಗುವ ಆರು ತಿಂಗಳ ಮೊದಲೇ ಅವರು ತೀರಿಕೊಂಡಿದ್ದರು.