ವ್ಯಾನ್ ರಾತ್ರಿ ಎಲ್ಲಿ ನಿಲ್ಲುತ್ತೆ? ಮೊದಲು ಅದನ್ನು ಗೊತ್ತು ಮಾಡಿಕೊಳ್ಳಿ

ಪ್ರಶ್ನೆ: ಸರ್, ನಮಸ್ತೆ. ನಮ್ಮದು ದಾವಣಗೆರೆ. ನಾನು, ಹೆಂಡತಿ, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು, ಜೊತೆಗೆ ನಮ್ಮಮ್ಮ. ಡಿಸೆಂಬರ್ ಕೊನೆ ವಾರ ಮಕ್ಕಳಿಗೆ ರಜೆ. ಕ್ಯಾಂಪರ್‌ವ್ಯಾನ್ (ಒಳಗೇ ಹಾಸಿಗೆ, ಅಡುಗೆ, ಟಾಯ್ಲೆಟ್ ಎಲ್ಲ ಇರುವ ವ್ಯಾನ್) ಬಾಡಿಗೆಗೆ ತಗೊಂಡು ಮಂಗಳೂರಿನಿಂದ ಪಣಜಿವರೆಗೆ ಸಮುದ್ರದ ಪಕ್ಕದಲ್ಲೇ ಒಂದು ವಾರ ಹೋಗಬೇಕು ಅಂತ ಆಸೆ. ದಿನಾ ರಾತ್ರಿ ಬೀಚ್ ಮೇಲೇ ಮಲಗಬೇಕು ಅಂತ ಮಕ್ಕಳ ಹಠ. ದಿನಕ್ಕೆ ಎಷ್ಟು ಕಿ.ಮೀ. ಇಟ್ಟುಕೊಳ್ಳಲಿ? ಡ್ರೈವರ್ ಬೇಕಾ, ನಾನೇ ಓಡಿಸಲಾ? ಎಲ್ಲೆಲ್ಲಿ ನಿಲ್ಲಿಸಬೇಕು?

ಉತ್ತರ: ನಮಸ್ಕಾರ. ಕಿಲೋಮೀಟರ್ ಲೆಕ್ಕ ಆಮೇಲೆ ನೋಡೋಣ. ಮೊದಲು ಒಂದು ಹಾಳೆ ತಗೊಂಡು ಆರು ರಾತ್ರಿ ಅಂತ ಬರೆಯಿರಿ. ಪ್ರತಿ ರಾತ್ರಿಯ ಮುಂದೆ ವ್ಯಾನ್ ಯಾರ ಅಂಗಳದಲ್ಲಿ ನಿಲ್ಲುತ್ತೆ ಅಂತ ತುಂಬಿಸಿ. ಅದು ತುಂಬಿದರೆ ಪ್ರವಾಸದ ಮುಕ್ಕಾಲು ಕೆಲಸ ಮುಗಿದ ಹಾಗೆ. ಹಗಲಿಗೆ ನಮ್ಮ ಕರಾವಳಿಯಲ್ಲಿ ಯೋಜನೆಯೇ ಬೇಡ, ಹೆದ್ದಾರಿ 66ರಲ್ಲಿ ಎಲ್ಲಿ ಎಡಕ್ಕೆ ತಿರುಗಿದರೂ ಕೊನೆಗೆ ಸಮುದ್ರ ಸಿಗುತ್ತೆ. ಕಷ್ಟ ಇರುವುದು ರಾತ್ರಿಗೆ. ವ್ಯಾನ್ ನಿಲ್ಲಿಸಿ, ಪ್ಲಗ್ ಹಾಕಿ, ನೀರು ತುಂಬಿಸಿ, ಟಾಯ್ಲೆಟ್ ತೊಟ್ಟಿ ಖಾಲಿ ಮಾಡೋಕೆ ಅಂತಲೇ ಮಾಡಿದ ಜಾಗಗಳು ನಮ್ಮಲ್ಲಿ ತೀರಾ ಕಡಿಮೆ. ಸಂಜೆ ಏಳಕ್ಕೆ ಮಕ್ಕಳು ಹಸಿವು ಅಂತ ಅಳ್ತಾ ಇರುವಾಗ ಜಾಗ ಹುಡುಕೋಕೆ ಹೊರಟರೆ ಇಡೀ ಪ್ರವಾಸದ ಖುಷಿ ಹೋಗುತ್ತೆ.

ಈಗ ಬೀಚ್ ಮೇಲೆ ಮಲಗುವ ವಿಷಯ. ಬೇಡ. ಮಕ್ಕಳಿಗೆ ಬೇಜಾರಾಗುತ್ತೆ ಅಂತ ಗೊತ್ತು, ಆದ್ರೂ ಬೇಡ. ವ್ಯಾನ್ ಅಂದ್ರೆ ನೀರು, ಬ್ಯಾಟರಿ, ಜನ ಎಲ್ಲ ಸೇರಿ ಮೂರು ಟನ್ನಿಗೂ ಜಾಸ್ತಿ ಭಾರ. ಕೆಲವು ವರ್ಷದ ಹಿಂದೆ ಕುಂದಾಪುರದ ಹತ್ತಿರ ನಾನು ಗಟ್ಟಿ ಕಾಣಿಸುತ್ತೆ ಅಂತ ಹೊಯ್ಗೆ (ಮರಳು) ಮೇಲೆ ನಾಲ್ಕು ಮಾರು ಮುಂದೆ ಹೋದೆ, ಅಷ್ಟೇ. ಹಿಂದಿನ ಚಕ್ರ ಅಚ್ಚಿನವರೆಗೆ ಇಳಿದುಹೋಯಿತು. ಹತ್ತಿರದ ಮನೆಯವರು ತೆಂಗಿನ ಗರಿ ತಂದು ಚಕ್ರದ ಕೆಳಗೆ ಒತ್ತಿದರು, ಟೈರಿನ ಗಾಳಿ ಅರ್ಧ ಇಳಿಸಿದೆವು, ಟ್ರ್ಯಾಕ್ಟರ್ ಬಂತು, ಅಷ್ಟರಲ್ಲಿ ಉಬ್ಬರದ ನೀರು ಇಪ್ಪತ್ತು ಅಡಿ ದೂರಕ್ಕೆ ಬಂದಿತ್ತು. ಆ ಎರಡು ಗಂಟೆ ನನಗೆ ಇವತ್ತಿಗೂ ಮರೆತಿಲ್ಲ. ಇನ್ನೊಂದು ಕಾರಣವೂ ಇದೆ. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡೋಕೆ ಇದೇ ದಂಡೆಗೆ ಬರುತ್ತವೆ. ಹೊನ್ನಾವರದ ಕಾಸರಕೋಡು ಟೊಂಕ, ಕಾರವಾರದ ಕಡೆ, ಕುಂದಾಪುರದ ಕಡೆ ಎಲ್ಲ ಇದೆ. ರಾತ್ರಿ ಹೊತ್ತು ಹೆಡ್‌ಲೈಟ್ ಬಿದ್ದರೆ ಆಮೆ ದಡ ಹತ್ತದೆ ವಾಪಸ್ ಹೋಗುತ್ತೆ. ಮಕ್ಕಳಿಗೆ ಇದನ್ನು ಹೇಳಿ ನೋಡಿ, ಹಠ ತಾನಾಗಿ ಬಿಡುತ್ತಾರೆ.

ಹಾಗಾದ್ರೆ ಎಲ್ಲಿ? ಸಮುದ್ರದಿಂದ ಇನ್ನೂರು ಮುನ್ನೂರು ಮೀಟರ್ ದೂರದಲ್ಲಿ, ತೆಂಗಿನ ತೋಟದ ಹೋಮ್‌ಸ್ಟೇ ಅಂಗಳದಲ್ಲಿ. ಅಲೆಯ ಸದ್ದು ಅಲ್ಲಿಗೂ ಕೇಳಿಸುತ್ತೆ. ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ. ನೆಲ ಮುರಕಲ್ಲಿನದಾ (ಗಟ್ಟಿ ಕೆಂಪು ಕಲ್ಲು), ಹೊಯ್ಗೆಯದಾ? ಗೇಟಿನಿಂದ ಒಳಗೆ ಬರುವಾಗ ಕರೆಂಟ್ ವೈರ್ ಎಷ್ಟು ಎತ್ತರದಲ್ಲಿದೆ? ಅರ್ತಿಂಗ್ ಸರಿ ಇರುವ 15 ಆಂಪಿಯರ್ ಪ್ಲಗ್ ಹೊರಗೆ ಸಿಗುತ್ತಾ? ವ್ಯಾನ್ ಸುಮಾರು ಮೂರು ಮೀಟರ್ ಎತ್ತರ ಇರುತ್ತೆ ಅಂತ ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಅವರು ಕಾರು ಅಂದುಕೊಂಡು "ಬನ್ನಿ ಬನ್ನಿ" ಅಂತಾರೆ. ಕೊಂಕಣ ರೈಲ್ವೆಯ ಕೆಳಗೆ ಹೋಗುವ ಸಣ್ಣ ರಸ್ತೆಗಳಲ್ಲೂ ಈ ಎತ್ತರದ ಲೆಕ್ಕ ತಲೆಯಲ್ಲಿರಲಿ.

ನಿಮ್ಮ ಮನೆಯವರು ಐದು ಜನ. ಬಾಡಿಗೆಗೆ ಸಿಗುವ ಹೆಚ್ಚಿನ ವ್ಯಾನ್‌ಗಳಲ್ಲಿ ಆರಾಮಾಗಿ ಮಲಗಬಹುದಾದ್ದು ನಾಲ್ಕು ಜನ. ಮೇಲಿನ ಬರ್ತ್‌ಗೆ ಅಮ್ಮ ಹತ್ತೋದು ಕಷ್ಟ, ರಾತ್ರಿ ಎರಡು ಸಲ ಇಳಿಯೋದು ಇನ್ನೂ ಕಷ್ಟ. ಹಾಗಾಗಿ ಎಲ್ಲಿ ನಿಲ್ಲಿಸುತ್ತೀರೋ ಆ ಹೋಮ್‌ಸ್ಟೇಯಲ್ಲೇ ಒಂದು ರೂಮ್ ತಗೊಳ್ಳಿ. ಅಮ್ಮ ಅಲ್ಲಿ ಮಲಗಲಿ. ಬೆಳಿಗ್ಗೆ ಎಲ್ಲರ ಸ್ನಾನವೂ ಅಲ್ಲೇ ಆಗುತ್ತೆ, ಮನೆಯವರಿಗೂ ನೀವು ಸುಮ್ನೆ ಜಾಗ ಕೇಳೋಕೆ ಬಂದವರಲ್ಲ ಅನ್ನಿಸುತ್ತೆ. ನಾಲ್ಕೂ ಜನ ವ್ಯಾನ್‌ನಲ್ಲೇ ಸ್ನಾನ ಮಾಡಿದರೆ 100 ಲೀಟರ್ ಟ್ಯಾಂಕ್ ಒಂದೂವರೆ ದಿನಕ್ಕೆ ಖಾಲಿ.

ಡ್ರೈವರ್ ತಗೊಳ್ಳಿ ಅಂತಲೇ ಹೇಳ್ತೀನಿ. 7,500 ಕೆ.ಜಿ. ಒಳಗಿನ ವಾಹನಕ್ಕೆ ನಿಮ್ಮ ಕಾರಿನ ಎಲ್‌ಎಂವಿ ಲೈಸೆನ್ಸ್ ಸಾಕು, ಕಾನೂನಿನ ತೊಂದರೆ ಇಲ್ಲ. ಆದ್ರೆ ಇಷ್ಟು ಎತ್ತರದ ಗಾಡಿಯನ್ನು ಮೊದಲ ಸಲ ಹಿಡಿದು, ಹಿಂದೆ ಮಕ್ಕಳನ್ನು ಕೂರಿಸಿಕೊಂಡು, ಬಸ್ಸುಗಳ ಜೊತೆ ಆ ರಸ್ತೆಯಲ್ಲಿ ಹೋಗೋದು ರಜೆ ಅಲ್ಲ. ಡ್ರೈವರ್ ಬಂದರೆ ಅವರಿಗೂ ಹಾಸಿಗೆ, ಸ್ನಾನ, ಊಟ ನಿಮ್ಮ ಹೊಣೆ. ಸ್ಟೀರಿಂಗ್ ಸೀಟಿನಲ್ಲಿ ಮಲಗಿಸಬೇಡಿ. ನಿದ್ದೆ ಇಲ್ಲದ ಮನುಷ್ಯ ಮರುದಿನ ನಿಮ್ಮ ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಅಲ್ವಾ? ಬುಕ್ ಮಾಡುವಾಗ ನಂಬರ್ ಪ್ಲೇಟ್ ಫೋಟೊ ತರಿಸಿಕೊಳ್ಳಿ. ಡ್ರೈವರ್ ಸಮೇತ ಬಾಡಿಗೆ ಗಾಡಿಗೆ ಹಳದಿ ಪ್ಲೇಟ್ ಮೇಲೆ ಕಪ್ಪು ಅಕ್ಷರ, ನೀವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ. ಬಿಳಿ ಪ್ಲೇಟ್ ಇದ್ದರೆ ಎಷ್ಟೇ ಕಡಿಮೆ ದುಡ್ಡಿಗೆ ಕೊಟ್ಟರೂ ಬಿಟ್ಟುಬಿಡಿ. ಏನಾದರೂ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ.

ಎಸಿ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳಲೇಬೇಕು. ಬಾಡಿಗೆಗೆ ಕೊಡುವವರು "ಎಸಿ ಇದೆ" ಅಂತಾರೆ. ಯಾವುದರ ಮೇಲೆ ಓಡುತ್ತೆ ಅಂತ ಕೇಳಿ. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರೋದು 2.4 ಯೂನಿಟ್ ಕರೆಂಟ್. ಒಂದು ಟನ್ ಎಸಿ ಗಂಟೆಗೆ ಒಂದು ಯೂನಿಟ್ ಮೇಲೆ ಎಳೆಯುತ್ತೆ. ಅಂದ್ರೆ ಎರಡು ಗಂಟೆ, ಆಮೇಲೆ ಫ್ರಿಜ್ಜೂ ಇಲ್ಲ, ಲೈಟೂ ಇಲ್ಲ. ಅದೇ ಸಣ್ಣ 12 ವೋಲ್ಟ್ ಫ್ಯಾನ್ ಆದರೆ ಇಡೀ ರಾತ್ರಿ ತಿರುಗುತ್ತೆ. ಎಸಿಗೆ ಬ್ಯಾಟರಿ ಸಾಲದೆ ಹೋದಾಗ ಜನ ಮಾಡುವ ತಪ್ಪು ಏನಂದ್ರೆ ಕಿಟಕಿ ಮುಚ್ಚಿ ಇಂಜಿನ್ನೋ ಜನರೇಟರೋ ಚಾಲೂ ಇಟ್ಟು ಮಲಗೋದು. 2024ರ ಡಿಸೆಂಬರ್‌ನಲ್ಲಿ ಇದೇ ಹೆದ್ದಾರಿ 66ರ ಪಕ್ಕ, ಕೇರಳದ ವಡಗರದಲ್ಲಿ, ನಿಲ್ಲಿಸಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತರು. ಜನರೇಟರ್‌ನಿಂದ ಬಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿತ್ತು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗಲ್ಲ. ಇಂಜಿನ್, ಜನರೇಟರ್ ಎರಡೂ ಬಂದ್ ಆದಮೇಲೇ ಮಕ್ಕಳನ್ನು ಮಲಗಿಸಿ. ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತೆ, ಒಂದು ತಗೊಂಡೇ ಹೊರಡಿ. ಡಿಸೆಂಬರ್ ರಾತ್ರಿಗೆ ಸೊಳ್ಳೆ ಪರದೆ ಹಾಕಿ ಕಿಟಕಿ ತೆಗೆದರೆ ಫ್ಯಾನ್ ಸಾಕಾಗುತ್ತೆ. ಏಪ್ರಿಲ್ ಆಗಿದ್ದರೆ ಬೇರೆ ಮಾತು.

ನೀರು ತುಂಬಿಸುವ ಮೊದಲು ಒಂದು ಬೊಗಸೆ ಬಾಯಿಗೆ ಹಾಕಿ ನೋಡಿ. ದಂಡೆಗೆ ತೀರಾ ಹತ್ತಿರದ ಬಾವಿಗಳಲ್ಲಿ ಕೆಲವು ಸವಳು. ಉಪ್ಪು ನೀರು ಹೋದರೆ ಪಂಪು, ಗೀಸರ್ ಎರಡೂ ಹಾಳು. ಟಾಯ್ಲೆಟ್‌ನ ಕ್ಯಾಸೆಟ್ (ಹೊರಗೆ ತೆಗೆಯಬಹುದಾದ ತೊಟ್ಟಿ) 20 ಲೀಟರ್ ಆಸುಪಾಸು ಇರುತ್ತೆ, ಐದು ಜನಕ್ಕೆ ಎರಡು ದಿನ ಬಂದರೆ ಜಾಸ್ತಿ. ಅದನ್ನು ಮನೆಯವರ ಒಪ್ಪಿಗೆ ಕೇಳಿ ಅವರ ಕಕ್ಕಸಿನಲ್ಲೇ ಖಾಲಿ ಮಾಡಿ. ಚರಂಡಿಗೆ, ಹೊಳೆಗೆ ಬೇಡ. ವ್ಯಾನಿನವರು ನೀಲಿ ಕೆಮಿಕಲ್ ಕೊಟ್ಟರೆ ಅದರ ಬದಲು ಎನ್‌ಜೈಮ್ ಪುಡಿ ಕೇಳಿ, ಕೆಮಿಕಲ್ ಬಿದ್ದರೆ ಹೋಮ್‌ಸ್ಟೇಯವರ ಕಕ್ಕಸಿನ ಗುಂಡಿಯಲ್ಲಿ ಕೊಳೆಯುವ ಕೆಲಸ ನಿಂತುಹೋಗುತ್ತೆ.

ಸರಿ, ದಾರಿ. ಮಂಗಳೂರಿಂದ ಪಣಜಿ ಸುಮಾರು 370 ಕಿ.ಮೀ., ಕಾರವಾರಕ್ಕೆ 270. ಡಿಸೆಂಬರ್ ಕೊನೆ ವಾರ ವ್ಯಾನ್ ತಗೊಂಡು ಗೋವಾದೊಳಗೆ ಹೋಗಬೇಡಿ. ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ, ರೂಮಿನ ದರ ಕೇಳೋ ಹಾಗಿಲ್ಲ. ಬಯಲಲ್ಲಿ ಅಡುಗೆ ಮಾಡಿದರೆ ಅಲ್ಲಿ 2019ರಿಂದ ದಂಡವೂ ಇದೆ. ಕಾರವಾರದಲ್ಲಿ ಮುಗಿಸಿ. ಗೋವಾ ನೋಡಲೇಬೇಕು ಅಂದ್ರೆ ವ್ಯಾನ್ ಕಾರವಾರದಲ್ಲಿ ಬಿಟ್ಟು ಬೆಳಿಗ್ಗೆ ರೈಲು ಹತ್ತಿ ಮಡಗಾಂವ್‌ಗೆ ಹೋಗಿ ಬನ್ನಿ. ಮಕ್ಕಳಿಗೆ ಸುರಂಗ, ಸೇತುವೆ ಎಲ್ಲ ಸಿಗುತ್ತೆ.

ದಿನಕ್ಕೆ 40ರಿಂದ 60 ಕಿ.ಮೀ. ಸಾಕು. ಮೊದಲ ದಿನ ಮಂಗಳೂರಿಂದ ಮಧ್ಯಾಹ್ನ ಬಿಟ್ಟು ಕಾಪು. ಅಲ್ಲಿನ ದೀಪಸ್ತಂಭ 1901ರದ್ದು, ಸಂಜೆ ಹತ್ತೋಕೆ ಬಿಡುತ್ತಾರೆ. ಎರಡನೇ ದಿನ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪ. ಮೂರನೇ ದಿನ ಕುಂದಾಪುರ, ಮರವಂತೆ. ಇಲ್ಲಿ ಎರಡು ರಾತ್ರಿ ಇರಿ ಅಂತ ನನ್ನ ಒತ್ತಾಯ. ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಎಲ್ಲರೂ ಐದು ನಿಮಿಷ ಫೋಟೊ ತೆಗೆದು ಹೊರಡುತ್ತಾರೆ. ನೀವು ಬೆಳಿಗ್ಗೆ ಆರೂವರೆಗೆ ಹೋಗಿ, ಹೊಳೆ ಕಡೆ ಮುಖ ಮಾಡಿ ನಿಂತುಕೊಳ್ಳಿ. ಬೆನ್ನ ಹಿಂದೆ ಅಲೆ ಬಡಿಯುತ್ತಾ ಇರುತ್ತೆ, ಮುಂದೆ ನೀರು ಕದಲದೆ ಮಲಗಿರುತ್ತೆ, ಕೊಡಚಾದ್ರಿ ಕಡೆಯ ಬೆಟ್ಟದ ಸಾಲಿನಿಂದ ಬೆಳಕು ಮೇಲೆ ಬರುತ್ತೆ. ವ್ಯಾನ್ ಮಾತ್ರ ಹೆದ್ದಾರಿ ಅಂಚಿನಲ್ಲಿ ನಿಲ್ಲಿಸಬೇಡಿ, ಅಲ್ಲಿ ಲಾರಿಗಳ ವೇಗ ಜಾಸ್ತಿ.

ಕುಂದಾಪುರದ ಕಡೆ ಎರಡು ರಾತ್ರಿ ಅಂದಿದ್ದಕ್ಕೆ ಇನ್ನೊಂದು ಕಾರಣ ಯಕ್ಷಗಾನ. ದೀಪಾವಳಿ ಕಳೆದ ಮೇಲೆ ಮೇಳಗಳು, ಅಂದ್ರೆ ಯಕ್ಷಗಾನದ ತಂಡಗಳು, ತಿರುಗಾಟ ಶುರು ಮಾಡಿರುತ್ತವೆ. ಇಲ್ಲಿ ಯಕ್ಷಗಾನಕ್ಕೆ ಆಟ ಅಂತಾರೆ. ಯಾರಾದರೂ ಹರಕೆ ಹೊತ್ತು ಆಡಿಸುವ ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. "ಇವತ್ತು ಆಟ ಎಲ್ಲಿ?" ಅಂತ ಹೋಮ್‌ಸ್ಟೇಯವರನ್ನು ಕೇಳಿ, ಅವರೇ ದಾರಿ ಹೇಳ್ತಾರೆ. ಗದ್ದೆ ಬದಿಯ ರಸ್ತೆಗೆ ವ್ಯಾನ್ ಇಳಿಸಬೇಡಿ, ಆಟೊದಲ್ಲಿ ಹೋಗಿ. ಮಕ್ಕಳಿಗೆ ನಿದ್ದೆ ಬಂದರೆ ಅಮ್ಮನ ತೊಡೆ ಇದ್ದೇ ಇದೆ.

ಐದನೇ ದಿನ ಮುರ್ಡೇಶ್ವರ ನೋಡಿಕೊಂಡು ಹೊನ್ನಾವರದ ಕಾಸರಕೋಡು. ಮುರ್ಡೇಶ್ವರದಲ್ಲಿ ಡಿಸೆಂಬರ್ ಕೊನೆ ವಾರ ವಿಪರೀತ ಜನ, ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಕಾಸರಕೋಡು ಬೀಚ್‌ಗೆ 2020ರಲ್ಲಿ ಬ್ಲೂ ಫ್ಲಾಗ್ ಅನ್ನೋ ಅಂತರರಾಷ್ಟ್ರೀಯ ಮಾನ್ಯತೆ ಬಂದಿದೆ, ಸ್ವಚ್ಛವಾಗಿದೆ. ಹತ್ತಿರದಲ್ಲೇ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ವನದಲ್ಲಿ ಮರದ ಹಲಗೆ ದಾರಿ ಇದೆ, ಅಮ್ಮನೂ ಆರಾಮಾಗಿ ನಡೆಯಬಹುದು. ಆರನೇ ದಿನ ಮಿರ್ಜಾನ್ ಕೋಟೆ, ಗೋಕರ್ಣ. ಗೋಕರ್ಣದ ರಥಬೀದಿಗೆ ವ್ಯಾನ್ ಹೋಗಲ್ಲ. ಊರಿನ ಹೊರಗೆ ನಿಲ್ಲಿಸಿ ಆಟೊ ಹಿಡಿಯಿರಿ. ಏಳನೇ ದಿನ ಅಂಕೋಲಾ ದಾಟಿ ಕಾರವಾರ, ಟ್ಯಾಗೋರ್ ಕಡಲತೀರ, ಅಲ್ಲೇ ಇರುವ ಚಪಲ್ ಯುದ್ಧನೌಕೆ. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈನಲ್ಲಿ ಗುಡ್ಡ ಕುಸಿದು ಜನ, ಲಾರಿ ಎಲ್ಲ ಹೊಳೆಪಾಲಾದದ್ದು ಇದೇ ದಾರಿಯಲ್ಲಿ. ಮಳೆಗಾಲದಲ್ಲಿ ಈ ಪ್ರವಾಸ ಯಾರು ಕೇಳಿದರೂ ನಾನು ಬೇಡ ಅನ್ನೋದು ಅದಕ್ಕೇ.

ಗೋವಾ ರೈಲು ಬೇಕಾದರೆ ಕಾಪುವಿನ ರಾತ್ರಿ ಬಿಡಿ, ನೇರ ಮಲ್ಪೆಗೆ ಹೋಗಿ. ಕುಂದಾಪುರದ ಎರಡು ರಾತ್ರಿಯಲ್ಲಿ ಕಡಿತ ಮಾಡಬೇಡಿ.

ಪ್ರಶ್ನೆ: ವ್ಯಾನ್‌ನಲ್ಲೇ ಮೂರು ಹೊತ್ತೂ ಅಡುಗೆ ಮಾಡಿಕೊಂಡರೆ ಖರ್ಚು ಉಳಿಯುತ್ತಲ್ವಾ? ಮಲ್ಪೆಯಲ್ಲಿ ಮೀನು ತಗೊಂಡು ಹುರಿಯಬಹುದಾ? (ಓದುಗರು, ತುಮಕೂರು)

ಉತ್ತರ: ಬೆಳಿಗ್ಗೆ ಕಾಫಿ, ಮಕ್ಕಳಿಗೆ ಹಾಲು, ಒಂದು ಉಪ್ಪಿಟ್ಟು ಅಥವಾ ಅವಲಕ್ಕಿ. ಅಲ್ಲಿಗೆ ನಿಲ್ಲಿಸಿ. ಕರಾವಳಿಗೆ ಹೋಗಿ ನೀರುದೋಸೆ ತಿನ್ನದೆ ವ್ಯಾನ್‌ನಲ್ಲಿ ಅನ್ನ ಸಾರು ಮಾಡಿಕೊಂಡು ಕೂರಬೇಡಿ. ಮೀನು ಒಳಗೆ ಹುರಿದರೆ ಎಣ್ಣೆ ವಾಸನೆ ಸೀಟು, ಪರದೆ, ಹಾಸಿಗೆಗೆ ಹಿಡಿದು ವಾರ ಕಳೆದರೂ ಹೋಗಲ್ಲ. ಮೀನು ತಗೊಂಡು ಹೋಮ್‌ಸ್ಟೇ ಅಕ್ಕನ ಕೈಗೆ ಕೊಡಿ. ಅವರು ಮಾಡುವ ಬಂಗುಡೆ ಪುಳಿಮುಂಚಿ ನಿಮ್ಮ ಎರಡು ಉರಿಯ ಸ್ಟೌವ್‌ನಲ್ಲಿ ಬರಲ್ಲ. ಗ್ಯಾಸ್ ಇದ್ದರೆ 5 ಕೆ.ಜಿ.ಯ ಸಣ್ಣ ಸಿಲಿಂಡರ್ ಸಾಕು. ಗಾಡಿ ಹೊರಡುವ ಮೊದಲು ರೆಗ್ಯುಲೇಟರ್ ಬಂದ್ ಮಾಡಿ, ಅಡುಗೆ ಮಾಡುವಾಗ ಕಿಟಕಿ ತೆಗೆದಿಡಿ.

ಪ್ರಶ್ನೆ: ಬಾಡಿಗೆ ವ್ಯಾನ್ ನಮ್ಮ ಕೈಗೆ ಎಟುಕಲ್ಲ. ನಮ್ಮದೇ ಈಕೋ ಇದೆ. ಹಿಂದಿನ ಸೀಟ್ ತೆಗೆಸಿ ಮಂಚ ಹಾಕಿ ಗಂಡ ಹೆಂಡತಿ ಹೋಗಬಹುದಾ? (ಓದುಗರು, ಶಿರಸಿ)

ಉತ್ತರ: ಖಂಡಿತ ಹೋಗಿ, ಇಬ್ಬರಿಗೆ ಅದೇ ಒಳ್ಳೆಯದು. ಗೋಕರ್ಣದ ಸಣ್ಣ ರಸ್ತೆಗೂ ಅದು ನುಗ್ಗುತ್ತೆ. ಸೀಟ್ ಶಾಶ್ವತವಾಗಿ ಕೀಳಿಸೋದು, ವೆಲ್ಡಿಂಗ್ ಮಾಡಿಸೋದು, ರೂಫ್ ಕತ್ತರಿಸೋದು ಮಾತ್ರ ಬೇಡ. ಅಂಥ ಬದಲಾವಣೆ ಆರ್‌ಟಿಒದಲ್ಲಿ ಹೇಳಿ ಆರ್‌ಸಿಯಲ್ಲಿ ಬರೆಸಬೇಕಾಗುತ್ತೆ. ಸೀಟ್ ಮಡಚಿ, ಅದರ ಮೇಲೆ ಮೂರು ತುಂಡಿನ ಪ್ಲೈವುಡ್ ಹಲಗೆ, ನಾಲ್ಕು ಇಂಚಿನ ಫೋಮ್. ಬೇಕಾದಾಗ ತೆಗೆದಿಡುವ ಹಾಗೆ ಬಡಗಿಯವರಿಗೆ ಹೇಳಿ ಮಾಡಿಸಿ. ಸಿಎನ್‌ಜಿ ಗಾಡಿ ಆದರೆ ಸಿಲಿಂಡರ್ ಎತ್ತರ ಅಳೆದು ಆಮೇಲೆ ಹಲಗೆ ಕೊಯ್ಸಿ. ಎರಡು ಕಿಟಕಿಗೆ ವೆಲ್ಕ್ರೊ ಹಾಕಿದ ಸೊಳ್ಳೆ ಪರದೆ, ಯುಎಸ್‌ಬಿ ಫ್ಯಾನ್, 20 ಲೀಟರ್ ನೀರಿನ ಕ್ಯಾನ್ ಇಷ್ಟೇ ಬೇಕು. ನೀವು ದೇವಿಮನೆ ಘಟ್ಟ ಇಳಿದರೆ ಕುಮಟಾ. ಅಲ್ಲಿಂದ ಶುರು ಮಾಡಿ ಕುಂದಾಪುರದವರೆಗೆ ಹೋಗಿ ತಿರುಗಿ. ಹೊರಡುವ ಹಿಂದಿನ ವಾರ ಒಂದು ರಾತ್ರಿ ನಿಮ್ಮ ಮನೆ ಅಂಗಳದಲ್ಲೇ ಅದರೊಳಗೆ ಮಲಗಿ ನೋಡಿ. ಕಾಲು ಎಲ್ಲಿ ತಾಗುತ್ತೆ, ಸೊಳ್ಳೆ ಯಾವ ಸಂದಿಯಿಂದ ಬರುತ್ತೆ ಅಂತ ಗೊತ್ತಾಗುತ್ತೆ.